ಗವಿಯ ಗೋಡೆಯ ಪುಟ್ಟ ಕೈ

ಮೊನ್ನೆ ಪಕ್ಕದ ಮನೆಯವರು ಸುಣ್ಣದ ಹರಳಿಗೆ ನೀರು ಹಾಕಿದ್ದರು. ಕೊತಕೊತ ಕುದಿಯುವ ಆ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಾಯಿಂಗ್ ಮಾಸ್ತರು ಕಣ್ಣೆದುರು ಬಂದು ನಿಂತರು.

ಎಪ್ಪತ್ತರ ದಶಕದಲ್ಲಿ ನಾನು ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಲ್ಲಿ ಗಣಿತ ಕಲಿಸುತ್ತಿದ್ದೆ. ಅದೇ ಶಾಲೆಯಲ್ಲಿದ್ದ ಅವರು ಒಂದು ರವಿವಾರ ನನ್ನನ್ನು ಗುಡ್ಡಕ್ಕೆ ಎಳೆದುಕೊಂಡು ಹೋಗಿ ಗವಿಯೊಂದರ ಗೋಡೆ ತೋರಿಸಿದರು. ಕೆಂಪು ಗೂಳಿ, ಜಿಂಕೆ, ಕೈಕೈ ಹಿಡಿದ ಮಂದಿ. ನಮ್ಮ ಸಣ್ಣ ಹುಡುಗರೇ ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ ಎಂದು ನಕ್ಕೆ. ಮಾಸ್ತರು ಸಿಟ್ಟಾಗಲಿಲ್ಲ. ನನ್ನ ತಲೆಗಿಂತ ಮೇಲಿದ್ದ ಪುಟ್ಟ ಅಂಗೈ ಗುರುತಿನತ್ತ ಬೆರಳು ಮಾಡಿದರು.

"ಇಷ್ಟ ಎತ್ತರಕ್ಕ ಕೂಸಿನ ಕೈ ಹ್ಯಾಂಗ ಮುಟ್ಟತೈತ್ರಿ? ಯಾರೋ ಎತ್ತಿ ಹಿಡದಾರ. ಬ್ಯಾಟಿ ಆಡಿ ತಿನ್ನೋ ಮಂದಿ, ಖರೆ... ಆದ್ರ ಕೂಸಿನ್ನ ಎತ್ಗೊಂಡು ಆಡಸ್ತಿದ್ರು!"

ನನ್ನ ನಗು ಅಲ್ಲೇ ನಿಂತಿತು. ಸಾವಿರಾರು ವರ್ಷಗಳ ಹಿಂದಿನವರೆಂದರೆ ಬರೀ ಬೇಟೆ, ಹಸಿವು ಎಂದುಕೊಂಡಿದ್ದವನು ನಾನು.

ಮುಂದಿನ ವರ್ಷ ರಸ್ತೆ ಗುತ್ತಿಗೆದಾರನೊಬ್ಬನ ಕಣ್ಣು ಆ ಗುಡ್ಡದ ಕಲ್ಲಿನ ಮೇಲೆ ಬಿತ್ತು. ಚಿತ್ರಗಳನ್ನು ಉಳಿಸಿರೆಂದು ಮಾಸ್ತರು ಊರವರಿಗೆ ಹೇಳಿದರು, ಯಾರೂ ಕಿವಿಗೊಡಲಿಲ್ಲ. ಕೊನೆಗೆ ಒಂದು ಸುಳ್ಳು ಬಿಟ್ಟರು: "ಗವ್ಯಾಗ ದೇವ್ರು ಅದಾನ್ರಿ, ಕಲ್ಲ ಮುಟ್ಟಬ್ಯಾಡ್ರಿ!" ಊರೇ ನಂಬಿತು. ಗುತ್ತಿಗೆದಾರ ಗಂಟುಮೂಟೆ ಕಟ್ಟಿದ. ರಜೆ ಮುಗಿಸಿ ಬಂದು ಚಿತ್ರವನ್ನೆಲ್ಲ ಕಾಗದಕ್ಕೆ ಇಳಿಸುತ್ತೇನೆಂದು ಮಾಸ್ತರು ಖುಷಿಯಿಂದ ತಮ್ಮೂರಿಗೆ ಹೋದರು.

ಬಂದ ದಿನವೇ ಇಬ್ಬರೂ ಗುಡ್ಡ ಹತ್ತಿದೆವು. ಗವಿ ಬೆಳ್ಳಗೆ ಹೊಳೆಯುತ್ತಿತ್ತು! ದೇವರ ಜಾಗ ಹೊಲಸಾಗಿರಬಾರದೆಂದು ಊರ ಹೆಂಗಸರು ಭಕ್ತಿಯಿಂದ ಗೋಡೆ ತಿಕ್ಕಿ ತೊಳೆದು ಸುಣ್ಣ ಬಳಿದಿದ್ದರು. ಅಲ್ಲಿದ್ದ ಕೊಡದ ನೀರಿನಲ್ಲಿ ಮಾಸ್ತರು ಧೋತರದ ತುದಿ ಅದ್ದಿ, ಪುಟ್ಟ ಕೈ ಇದ್ದ ಕಡೆ ಒರೆಸಿದರು. ಸುಣ್ಣ ಹೋಯಿತು. ಕೆಳಗೆ ಬರೀ ಕಲ್ಲು.

"ಇದನ್ನ ನಾನ ಅಳಿಸಿದ್ನಲ್ರೀ..." ಎಂದರು.

ಆ ವರ್ಷವೇ ಸಿಂದಗಿಯ ಕಡೆ ವರ್ಗ ಮಾಡಿಸಿಕೊಂಡು ಹೋದರು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ...

ತಡೆಯಲಾಗದೆ ನಿನ್ನೆ ಆ ಗುಡ್ಡಕ್ಕೆ ಹೋಗಿಬಂದೆ. ಗವಿಗೆ ಈಗ ಬಾಗಿಲಿದೆ, ಗಂಟೆಯಿದೆ. ದೀಪ ಹಚ್ಚುತ್ತಿದ್ದ ಹೆಣ್ಣುಮಗಳನ್ನು ಕೇಳಿದೆ: "ಯವ್ವಾ, ಇದು ಯಾವ ದೇವ್ರು?"

"ಮಾಸ್ತರಪ್ಪ ಅಂತಾರ್ರಿ. ಭಾಳ ಸತ್ಯುಳ್ಳ ದೇವ್ರು," ಎಂದಳು.

ಮಾಸ್ತರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ... ನಾನಂತೂ ಆ ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟೆ.