ಮೊಳೆ ಹೊಡೆಯದ ಪರಂಗಿ ಗಿಡ

ಕಳೆದ ಭಾನುವಾರ ಬೆಳಿಗ್ಗೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತರಕಾರಿ ರಾಶಿಯೊಂದರ ಮೇಲೆ ಮೊಳದುದ್ದ ತೊಟ್ಟಿನ ಪರಂಗಿ ಕಾಯಿ ಇತ್ತು. ಪರಂಗಿ ಸಾಮಾನ್ಯವಾಗಿ ಕಾಂಡಕ್ಕೆ ಅಂಟಿಕೊಂಡೇ ಬಿಡುತ್ತದೆ. ಇಷ್ಟುದ್ದ ತೊಟ್ಟಿನ ತುದಿಯಲ್ಲಿ ಕಾಯಿ ತೂಗುವುದು ಗಂಡು ಗಿಡದಲ್ಲಿ, ಅದೂ ಅಪರೂಪಕ್ಕೆ. ಕೈಗೆತ್ತಿಕೊಂಡೆ. ತೊಟ್ಟಿನ ಹಾಲು ಬೆರಳಿಗೆ ಅಂಟಿತು. ಆ ಹಸಿ ವಾಸನೆಗೆ ಮೇಡಂ ನೆನಪಾದರು.

ಎಷ್ಟೋ ವರ್ಷಗಳ ಹಿಂದೆ ನಾನು ಹೊಳೆನರಸೀಪುರದಲ್ಲಿ ಪತ್ರಿಕೆಯೊಂದರ ವರದಿಗಾರ. ಬಾಡಿಗೆಗಿದ್ದ ಮನೆಯ ಮುಂಭಾಗದಲ್ಲಿ ಮಾಲೀಕರಾದ ಅಜ್ಜಿ, ಅವರ ಮಗ, ಸೊಸೆ. ಹಿಂಭಾಗದಲ್ಲಿ ಮೇಡಂ ಒಬ್ಬರೇ. ಮಹಡಿಯ ಕೋಣೆಯಲ್ಲಿ ನಾನು. ಮೇಡಂ ಚನ್ನರಾಯಪಟ್ಟಣದವರು; ಅರಕಲಗೂಡು ರಸ್ತೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅವರ ಚೀಲದಲ್ಲಿ ಸದಾ ಒಂದು ಬ್ಲೇಡು. ಕಂಡ ಹೂವನ್ನೆಲ್ಲ ಸೀಳಿ ನೋಡುವರು. ಸೊಸೆ ದಂಟಿನ ಸೊಪ್ಪು ಸೋಸುತ್ತಿದ್ದರೆ ಪಕ್ಕದಲ್ಲಿ ಕೂತು, ನಾರು ಎಳೆದು, ಬೇರಿನ ನೀರು ಎಲೆಗೆ ಏರುವ ದಾರಿ ಇದೇ ಎಂದು ತೋರಿಸುವರು.

ಹಿತ್ತಲಲ್ಲಿ ಒಂದು ಪರಂಗಿ ಗಿಡ. ಉದ್ದುದ್ದ ಎಳೆಗಳಲ್ಲಿ ಹೂ ಜೋತಾಡುತ್ತಿದ್ದವು, ಕಾಯಿ ಮಾತ್ರ ಇಲ್ಲ. ಅಜ್ಜಿ ಕಡಿಸಲು ಹೊರಟಾಗ ಮೇಡಂ ತಡೆದರು. “ಅದು ಗಂಡು ಗಿಡ ಅಜ್ಜಿ, ಕಾಯಿ ಬಿಡಲ್ಲ. ಪಾಠಕ್ಕೆ ಹೂ ಬೇಕು, ಇರ್ಲಿ ಬಿಡಿ.”

ಅಜ್ಜಿ ಬಿಟ್ಟರು. ಆದರೆ ಒಂದು ಅಮಾವಾಸ್ಯೆಯ ದಿನ ಕಾಯಿ ಕಚ್ಚಲೆಂದು ಕಾಂಡಕ್ಕೆ ಕಬ್ಬಿಣದ ಮೊಳೆ ಹೊಡೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಹೂವಿನ ಎಳೆಗಳ ತುದಿಯಲ್ಲಿ ಕಾಯಿ ಕಚ್ಚಿದವು.

“ಏನ್ ಮೇಡಮ್ಮ, ನಿಮ್ ಪುಸ್ತಕ್ದಲ್ಲಿ ಏನ್ ಬರ್ದವ್ರೆ ಈಗ?” ಎಂದು ಅಜ್ಜಿ ನಕ್ಕರು.

ಮೇಡಂ ಗಿಡದ ಕೆಳಗೆ ಬಹಳ ಹೊತ್ತು ನಿಂತಿದ್ದರು… ಆಮೇಲೆ ಮೆಟ್ಟಿಲ ಮೇಲೆ ಕೂತು ಹೂಗಳನ್ನು ಒಂದೊಂದಾಗಿ ಸೀಳಿದರು. ಎಷ್ಟೋ ದಿನ ಪುಸ್ತಕ ಹುಡುಕಿ, ಗೊತ್ತಿದ್ದವರನ್ನು ಕೇಳಿ, ಕೊನೆಗೆ ನನಗೆ ಒಂದು ಹೂ ತೋರಿಸಿದರು. ಕೇಸರಗಳ ನಡುವೆ ಸೂಜಿಯಷ್ಟು ಸಣ್ಣ ಅಂಡಾಶಯ. ಗಂಡು ಹೂವಿನಲ್ಲೂ ಅದು ಇರುತ್ತದೆ, ಬೆಳೆಯುವುದಿಲ್ಲ; ಹವೆ ಬದಲಾದಾಗ ಕೆಲವು ಗಿಡಗಳಲ್ಲಿ ಬೆಳೆದುಬಿಡುತ್ತದೆ ಎಂದರು.

ಹಾಗಾದರೆ ಮೊಳೆಯಿಂದ ಆದದ್ದಲ್ಲವೇ ಎಂದು ಕೇಳಿದೆ.

“ಅಲ್ಲ ಅಂತ ಹೇಗ್ರೀ ಹೇಳ್ಲಿ? ಮೊಳೆ ಹೊಡೀದೇ ಇರೋ ಇನ್ನೊಂದು ಗಂಡು ಗಿಡದಲ್ಲೂ ಬಿಡ್ಬೇಕು. ಆಗ ಹೇಳ್ಬೋದು.”

ಅಷ್ಟಕ್ಕೇ ನಿಂತಿದ್ದರೆ ಇದು ನನಗೆ ಮರೆತೇ ಹೋಗುತ್ತಿತ್ತೇನೋ. ಅಜ್ಜಿಯ ಸೊಸೆಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಕಾಯಿ ಕಚ್ಚಿದ ಮೇಲೆ ಅಜ್ಜಿಗೆ ಧೈರ್ಯ ಬಂತು.

“ಗಿಡುಕ್ಕೇ ಮದ್ದೈತೆ ಅಂದ್ಮೇಲೆ ಎಣ್ಣಿಗಿರಾಕಿಲ್ವಾ? ಅರಕಲಗೂಡು ತಾವ ಒಬ್ರು ಬೇರು ಅರ್ದು ಕೊಡ್ತಾರೆ. ಕರ್ಕೊಂಡೋಯ್ತೀನಿ.”

ಅದೇ ಮದ್ದು ಕುಡಿದ ಪಕ್ಕದ ಬೀದಿಯ ಹೆಂಗಸೊಬ್ಬರು ವಾಂತಿ ನಿಲ್ಲದೆ ಆಸ್ಪತ್ರೆ ಸೇರಿ, ಕಷ್ಟದಿಂದ ಉಳಿದಿದ್ದರು. ಸೊಸೆ ಹೆದರಿ ಊಟ ಬಿಟ್ಟರು. ಗಂಡ ಅಮ್ಮನ ಎದುರು ಬಾಯಿ ಬಿಡಲಿಲ್ಲ. ಮೇಡಂ ಅಜ್ಜಿಯ ಮುಂದೆ ಹೋಗಿ ಕೂತರು. ಶಾಲೆಯ ಹಿಂದೆಯೂ ಒಂದು ಗಂಡು ಪರಂಗಿ ಇದೆ, ಅದಕ್ಕೆ ಯಾರೂ ಮೊಳೆ ಹೊಡೆದಿಲ್ಲ. ಅದು ಕಾಯಿ ಬಿಟ್ಟರೆ ಅರಕಲಗೂಡಿನ ಮಾತು ಬಿಟ್ಟು ಮಗ-ಸೊಸೆ ಇಬ್ಬರನ್ನೂ ಹಾಸನದ ಡಾಕ್ಟರ ಹತ್ತಿರ ಕಳಿಸಬೇಕು ಎಂದರು.

“ಬಿಡ್ದಿದ್ರೆ?”

“ಬಿಡ್ದಿದ್ರೆ ನಾನು ಮಾತಾಡಲ್ಲ.”

“ಆಗ್ಲಿ ಕಣವ್ವ. ಪೇಪರಪ್ಪ, ನೀನೇ ಸಾಕ್ಷಿ,” ಎಂದು ಅಜ್ಜಿ ನನ್ನ ಕಡೆ ತಿರುಗಿದರು.

ಚಳಿಗಾಲ ಬಂತು. ಶಾಲೆಯಿಂದ ಬಂದ ಮೇಡಂ ಮುಖವನ್ನು ಸೊಸೆ ದಿನಾ ಬಾಗಿಲಲ್ಲೇ ನೋಡುವರು. ಮೇಡಂ ಇಲ್ಲವೆಂದು ತಲೆಯಾಡಿಸಿ ಒಳಗೆ ಹೋಗುವರು. ಸಂಕ್ರಾಂತಿ ಕಳೆದ ಮೇಲೆ ಅರಕಲಗೂಡಿಗೆ ಹೊರಡುವುದೆಂದು ಅಜ್ಜಿ ದಿನ ಗೊತ್ತುಮಾಡಿದರು. ಹೊರಡುವ ಹಿಂದಿನ ಸಂಜೆ ಮೇಡಂ ಚೀಲದಿಂದ ಒಂದು ಕಾಯಿ ತೆಗೆದು ಅಜ್ಜಿಯ ಮಡಿಲಿಗಿಟ್ಟರು. ಮುಷ್ಟಿಗಾತ್ರದ ಕಾಯಿ, ಉದ್ದ ತೊಟ್ಟು.

“ಶಾಲೆ ಗಿಡದ್ದು,” ಎಂದರು.

ಅಜ್ಜಿ ಅದನ್ನು ತಿರುಗಿಸಿ ನೋಡಿದರು, ತೊಟ್ಟು ಮೂಸಿದರು, ಮೇಡಂ ಮುಖ ನೋಡಿದರು. “ಆಸ್ನಕ್ಕೇ ಓಗ್ಲಿ ಬುಡು,” ಎಂದು ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದೆ. ಮೊಳೆ ಹೊಡೆದ ಗಿಡದಲ್ಲಿ ಕಾಯಿಯಿದ್ದ ಒಂದು ಎಳೆಯನ್ನು ಯಾರೋ ಅರ್ಧಕ್ಕೆ ಕತ್ತರಿಸಿದ್ದರು. ತುದಿಯಲ್ಲಿ ಹಾಲು ಒಣಗಿ ಬೆಳ್ಳಗಾಗಿತ್ತು. ಅಜ್ಜಿಯೋ ಸೊಸೆಯೋ ಸಾರಿಗೆಂದು ಕಿತ್ತಿರಬಹುದು… ಮೇಡಂ ಕಿತ್ತು ಶಾಲೆಯದೆಂದು ಕೊಟ್ಟಿದ್ದರೆ? ಆದದ್ದು ಹವೆಯಿಂದಲೋ ಮೊಳೆಯಿಂದಲೋ ಹೇಳಲಾರೆ ಎಂದಿದ್ದವರು ಅವರು. ಹಾಗೆ ಮಾಡುವವರಲ್ಲ. ಮಾಡಿರಲಾರರು ಎಂದೂ ಹೇಳಲಾರೆ. ಸಾಕ್ಷಿಯಾಗಿದ್ದವನು ನಾನು; ಶಾಲೆಯ ಗಿಡವನ್ನು ನೋಡಿಯೇ ಇರಲಿಲ್ಲ.

ಹಾಸನದ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, ಮಗನಿಗೆ ಮಾತ್ರ ಮಾತ್ರೆ ಬರೆದುಕೊಟ್ಟರು. ಆಮೇಲೆ ಆ ಮನೆಯಲ್ಲಿ ಬೇರಿನ ಮದ್ದಿನ ಮಾತು ನಾನು ಕೇಳಲಿಲ್ಲ. ಮುಂದಿನ ವರ್ಷ ಮೇಡಂ ವರ್ಗವಾಗಿ ಹೋದರು. ನಾನೂ ಊರು ಬಿಟ್ಟೆ.

ಮಾರುಕಟ್ಟೆಯಲ್ಲಿ ಕಾಯಿ ಕಂಡ ಆ ಭಾನುವಾರ ಮಧ್ಯಾಹ್ನವೇ, ಮೇಡಂ ಶಾಲೆಯಲ್ಲಿ ಆಗ ಇದ್ದ ಇಬ್ಬರಿಗೆ ಫೋನ್ ಮಾಡಿದೆ. ಶಾಲೆಯ ಹಿಂಬದಿ ಪರಂಗಿ ಗಿಡವಿತ್ತು, ಕಾಯಿಯೂ ಬಿಟ್ಟಿತ್ತು ಎಂದರು ನಿವೃತ್ತ ಮುಖ್ಯ ಶಿಕ್ಷಕರು. ಅಡುಗೆಯಾಕೆ ಒಪ್ಪಲಿಲ್ಲ. “ಪರಂಗಿ ಎಲ್ಲಿತ್ತು ಸಾ? ನುಗ್ಗೆ ಮರ ಕಣ್ ಸಾ ಅಲ್ಲಿದ್ದಿದ್ದು.” ಇಬ್ಬರೂ ಖಚಿತವಾಗಿಯೇ ಹೇಳಿದರು.

ಸಂಜೆ ಸೊಸೆಗೆ ಫೋನ್ ಮಾಡಿದೆ. ಅಜ್ಜಿ ಈಗಿಲ್ಲ. ಸೊಸೆಗೆ ಮಕ್ಕಳಾಗಲಿಲ್ಲ, ಗಂಡನ ಜೊತೆ ಹಾಸನದಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದಾರೆ. ಆ ಕಾಯಿ ಎಲ್ಲಿಯದು ಎಂದು ಕೇಳಿದೆ.

“ನಂಗೊತ್ತಿಲ್ಲ ಕಣಣ್ಣ. ಕೇಳ್ಬೇಕು ಅನ್ನಿಸ್ತಿತ್ತು, ಕೇಳಕ್ಕೆ ಭಯ ಆಯ್ತಿತ್ತು. ಮೇಡಂ ಈಗ ಎಲ್ಲವ್ರೆ?”

ಮೇಡಂ ಹೋದ ವರ್ಷ ಚನ್ನರಾಯಪಟ್ಟಣದಲ್ಲಿ, ತಮ್ಮನ ಮನೆಯಲ್ಲಿ ತೀರಿಕೊಂಡರು ಎಂದೆ. ಸೊಸೆ ಆ ಮನೆಯ ವಿಳಾಸ ಕೇಳಿದರು.

ಸೋಮವಾರ ಅಂಗಡಿ ಮುಚ್ಚಿ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ, ಮೇಡಂ ತಮ್ಮನ ಮನೆಗೆ ಹೋಗಿಬಂದರು.