ಒಗೆಯದೆ ಇಟ್ಟ ನಕ್ಷೆಬಟ್ಟೆ

ಪೆನ್ಸಿಲ್ ಹೆರೆದ ಮರದ ವಾಸನೆ ಅಡುಗೆಮನೆಯವರೆಗೂ ಬಂತು. ಮೊಮ್ಮಗಳು ನಡುಮನೆಯಲ್ಲಿ ದೊಡ್ಡ ಹಾಳೆ ಹಾಸಿಕೊಂಡು, ಕೈವಾರದಲ್ಲಿ ಗೆರೆಯ ಈ ತುದಿಯಿಂದೊಂದು, ಆ ತುದಿಯಿಂದೊಂದು ಕಮಾನು ಎಳೆದು, ಅದನ್ನು ಸರಿಯಾಗಿ ಎರಡು ಪಾಲು ಮಾಡುತ್ತಿದ್ದಳು. ಪಾಲಿಟೆಕ್ನಿಕ್ಕಿನಲ್ಲಿ ಸೀಟು ಸಿಕ್ಕಿದೆ ನಮ್ಮ ಹುಡುಗಿಗೆ! ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನಾನು ಶಿವಮೊಗ್ಗದ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿ ಬಂದಿದ್ದೇನೆ. ಆ ಖುಷಿಯಲ್ಲೇ ಬಗ್ಗಿ ನೋಡಿದರೆ ಹಾಳೆಯ ಮೇಲೊಂದು ತುಂಡು ತುಂಡು ಗೆರೆ… ಅಲ್ಲೇ ಅವಳ ಪಕ್ಕ ಕೂತುಬಿಟ್ಟೆ.

ನಾನು ಮದುವೆಯಾಗಿ ಭದ್ರಾವತಿಗೆ ಹೋದಾಗ ಯುದ್ಧದ ಕಾಲ. ಯಜಮಾನರದು ಕಬ್ಬಿಣದ ಎರಕದ ಕೆಲಸ. ಪಕ್ಕದ ಮನೆಯಲ್ಲಿ ನಕ್ಷೆ ಬರೆಯುವ ಅಣ್ಣ ಒಬ್ಬರೇ ಇದ್ದರು; ಹೆಂಡತಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಮುಗಿಯದ ಕೆಲಸವನ್ನು ಮನೆಗೆ ತಂದು, ಜಗಲಿಯಲ್ಲಿ ಹಲಗೆ ಹಾಕಿಕೊಂಡು, ಗಂಜಿ ಹಾಕಿದ ತೆಳು ಬಟ್ಟೆಯ ಮೇಲೆ ಮಸಿಯಲ್ಲಿ ಬರೆಯುವರು. ಕೆಟ್ಟುಹೋದ ಬಟ್ಟೆಗೆ ಹೆಂಗಸರಲ್ಲಿ ಪೈಪೋಟಿ. ಬಿಸಿನೀರಿಗೆ ಹಾಕಿದರೆ ಗಂಜಿ, ಮಸಿ ಎಲ್ಲ ಬಿಟ್ಟು ಹೂವಿನಂತಾಗುವುದು. ಕೂಸಿನ ಅಂಗಿಗೆ ಅದರಂಥ ಬಟ್ಟೆಯಿಲ್ಲ.

ನಾನು ಬಸುರಿ ಎಂದು ತಿಳಿದು, ಮೂಲೆಯಲ್ಲಿ ಮಸಿ ಚೆಲ್ಲಿದ್ದ ಒಂದನ್ನು ನನಗೇ ಕೊಟ್ಟರು.

"ಏನಣ್ಣಾ ಇದು, ಇರುವೆ ಸಾಲು?"

"ಇರುವೆ ಅಲ್ಲ ಮಾರಾಯ್ತಿ! ತುಂಡು ಗೆರೆ ಅಂದ್ರೆ ಕಣ್ಣಿಗೆ ಕಾಣಲ್ಲ, ಆದ್ರೆ ಅಡೀಲಿದೆ ಅಂತ. ಇಲ್ಲಿ ನೆಲದಡಿ ಹಳೇ ನೀರಿನ ಕಾಲುವೆ. ಒಂದು ಉದ್ದ ಒಂದು ಗಿಡ್ಡ ಎಳೆದ್ರೆ ಅದು ಬರೀ ನಡುಗೆರೆ, ಅಲ್ಲೇನೂ ಇರಲ್ಲ. ನಿನ್ನ ರಂಗೋಲಿ ಥರ ಮನಸ್ಸಿಗೆ ಬಂದಂಗೆ ಎಳೆಯೋಕಾಗಲ್ಲ, ತಿಳೀತಾ?"

ಕೂಸಿನ ಬಟ್ಟೆಯನ್ನು ಬೇಗ ಸಿದ್ಧ ಮಾಡಬಾರದೆಂದು ಅತ್ತೆ ಹೇಳಿದ್ದರು. ಪೆಟ್ಟಿಗೆಯಲ್ಲಿಟ್ಟೆ. ಅಷ್ಟು ತಿಂಗಳು ಆ ಕಾಲುವೆ ನನ್ನ ಸೀರೆಗಳ ಕೆಳಗೇ ಇತ್ತು…

ಒಂಬತ್ತು ತುಂಬಿದ ಮೇಲೆ ಒಗೆಯಲು ತೆಗೆದೆ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಯಜಮಾನರು ತಂದಿಟ್ಟಿದ್ದ, ಹೊಸ ಎರಕದ ಗುಂಡಿಯ ನೀಲಿ ನಕ್ಷೆ, ಅಣ್ಣ ಬರೆದ ಬಟ್ಟೆಯಿಂದ ಇಳಿಸಿದ ಅಚ್ಚು, ಗೂಡಿನಲ್ಲಿತ್ತು. ಅರೆ, ಎರಡೂ ಒಂದೇ ಚಿತ್ರ! ಪಕ್ಕಪಕ್ಕ ಹಾಸಿದೆ. ಒಂದು ಗೆರೆ ಮಾತ್ರ ಬೇರೆ. ಅಣ್ಣ ಮಧ್ಯಾಹ್ನ ಊಟಕ್ಕೆ ಬಂದಾಗ ನಗುತ್ತಲೇ ಕೂಗಿದೆ.

"ಅಣ್ಣಾ, ನನ್ನ ಬಟ್ಟೇಲಿ ಇರುವೆ ಸಾಲು, ಇದರಲ್ಲಿ ಉದ್ದ ಗಿಡ್ಡ! ರಂಗೋಲಿ ನಂದಾ, ನಿಮ್ದಾ?"

ಅವರು ನೋಡಿದರು. ಮುಖದಲ್ಲಿ ರಕ್ತವೇ ಇಲ್ಲ. ಮಸಿ ಚೆಲ್ಲಿದ್ದಕ್ಕೆ ಎರಡನೇ ಸಲ ಬರೆಯುವಾಗ ಕೈ ತಪ್ಪಿತ್ತು; ಅಡಿಯ ಕಾಲುವೆ ಬರೀ ನಡುಗೆರೆಯಾಗಿ, ಗುಂಡಿಯನ್ನು ಅದರ ಮೇಲೇ ತೋಡಿದ್ದರು.

"ನಿನ್ನ ಯಜಮಾನ್ರು ಎಲ್ಲಿ?"

"ಹೊಸ ಗುಂಡಿ ಹತ್ರ. ಇವತ್ತು ಮೊದಲ ಎರಕ ಅಲ್ವಾ?"

ಚಪ್ಪಲಿ ಬಿಟ್ಟು ಓಡಿದರು. ಕಾದ ಕಬ್ಬಿಣಕ್ಕೆ ನೀರು ತಾಗಿದರೆ ಸಿಡಿಲಿನ ಹಾಗೆ ಸಿಡಿಯುತ್ತದೆ ಎಂದು ಯಜಮಾನರು ಹೇಳಿದ್ದು ನನಗೆ ಆಮೇಲೆ ನೆನಪಾಯಿತು. ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಏನೂ ಇಲ್ಲ, ಏನೂ ಇಲ್ಲ… ಆಮೇಲೆ ಗೂಡಿನ ಲೋಟಗಳೆಲ್ಲ ಒಟ್ಟಿಗೆ ನಡುಗಿದವು.

ಸಂಜೆ ಯಜಮಾನರು ಬಂದರು. ಒಂದು ಕಿವಿ ಹೋಗಿತ್ತು, ಜೀವ ಇತ್ತು. ಅಣ್ಣ ಬರುವಷ್ಟರಲ್ಲಿ ಕಬ್ಬಿಣ ಇಳಿಯತೊಡಗಿತ್ತಂತೆ. ಗುಂಡಿಯ ಅಂಚಿನಲ್ಲಿದ್ದವರನ್ನೆಲ್ಲ ದೂಡಿ ಓಡಿಸಿ, ಕೊನೆಗೆ ಇವರ ತೋಳು ಹಿಡಿದು ಎಳೆದೆಸೆದರಂತೆ. ಅವರು ಮಾತ್ರ…

ಹಲಗೆ ಕೊಂಡುಹೋಗಲು ಅವರ ಹೆಂಡತಿ ಬಂದರು. "ಒಂದು ಗೆರೆ ತಪ್ಪಿದ ಕೈಯಲ್ಲ ತಂಗಿ ಅವರದ್ದು," ಎಂದರು. ನಾನು "ಹೂಂ" ಎಂದೆ. ಬಟ್ಟೆಯನ್ನು ಒಗೆಯಲಿಲ್ಲ. ನನ್ನ ಮಗ ಹಳೇ ಪಂಚೆಯ ಅಂಗಿಯಲ್ಲೇ ಬೆಳೆದ.

ಇವತ್ತು ಅದನ್ನು ಮೊಮ್ಮಗಳ ಮುಂದೆ ಬಿಚ್ಚಿದೆ.

"ಅಜ್ಜೀ, ಎಷ್ಟು ಚೆಂದ ಎಳೆದಿದ್ದಾರೆ! ಯಾರು?"

"ನಿನ್ನಪ್ಪನಿಗೆ ಅಪ್ಪನನ್ನ ಉಳಿಸಿಕೊಟ್ಟವರು, ಮಗಾ."

"ಹೆಸರೇನು?"

ಅಣ್ಣ ಎಂದು ಕರೆದೆನೇ ಹೊರತು ಹೆಸರು ಕೇಳಿದವಳೇ ಅಲ್ಲ. ಅವಳು ಬಟ್ಟೆಯ ಮೂಲೆಯಲ್ಲಿ ಹುಡುಕಿದಳು. ಹೆಸರು ಬರೆಯುವ ಜಾಗದಲ್ಲಿ ಅವತ್ತು ಚೆಲ್ಲಿದ ಮಸಿ ಇನ್ನೂ ಕಪ್ಪಗೆ ಕೂತಿತ್ತು.