ಕೆಂಪು ಚುಕ್ಕಿಯ ಕೊಬ್ಬರಿ

ಪೆಟ್ಟಿಗೆಯ ಬ್ಯಾಟರಿ ಇಳಿದುಹೋಗಬಹುದು. ಅಟ್ಟದ ಇಲಿ ವೈರು ಕಡಿಯಬಹುದು. ಕರೆಂಟು ಹೋಗಬಹುದು. ಬೆಂಗಳೂರಿನಿಂದ ಬರುವ ಬಂಡವಾಳದವರ ಕಾರು ದಾರಿ ತಪ್ಪಿ ಶ್ರವಣಬೆಳಗೊಳಕ್ಕೆ ಹೋಗಿಬಿಡಬಹುದು. ಪೇಟೆಂಟು ವಿಶ್ವವಿದ್ಯಾಲಯದ್ದೋ ನಮ್ಮ ಕಂಪನಿಯದೋ ಎಂದು ಕೊನೇ ಗಳಿಗೆಯಲ್ಲಿ ಯಾರಾದರೂ ತಗಾದೆ ತೆಗೆಯಬಹುದು. ಏಣಿ ಹತ್ತುವಾಗ ನನ್ನ ಪ್ಯಾಂಟು ಹರಿಯಬಹುದು. ಅದಕ್ಕೆಂದು ಇನ್ನೊಂದು ಪ್ಯಾಂಟು ಚೀಲದಲ್ಲಿತ್ತು.

ಹಾಸನದ ಕಾಲೇಜಿನಲ್ಲಿ ನನ್ನ ಬಳಿ ಸಂಶೋಧನೆ ಮಾಡಿದ ಹುಡುಗಿ ಕಟ್ಟಿದ ಕಂಪನಿ ಅದು. ನಾನು ಸಲಹೆಗಾರ, ಅಂದರೆ ಅವಳ ಪಾಲಿನ ಆತಂಕವನ್ನೂ ನಾನೇ ಪಡುವವನು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗುವ ತೆಂಗಿನಕಾಯಿಯನ್ನು ತಟ್ಟಿ, ಸದ್ದು ಕೇಳಿ, ಒಳ್ಳೆಯ ಕೊಬ್ಬರಿಯಾಗುತ್ತದೋ ಕೊಳೆಯುತ್ತದೋ ಎಂದು ಮೊದಲೇ ಹೇಳುವ ಪೆಟ್ಟಿಗೆ ಅವಳದು. ಚನ್ನರಾಯಪಟ್ಟಣದ ಹತ್ತಿರದ ಒಂದು ಮನೆಯ ಅಟ್ಟದಲ್ಲಿ ಒಳ್ಳೆಯವಕ್ಕೆ ಕೆಂಪು ಚುಕ್ಕಿ, ಕೆಡುವವಕ್ಕೆ ಕರಿ ಚುಕ್ಕಿ ಇಟ್ಟು ಬಂದಿದ್ದಳು. ಒಣಗಿದ ಮೇಲೆ ಬಂಡವಾಳದವರ ಎದುರೇ ಒಡೆದು ತೋರಿಸಬೇಕು. ಅವರು ಒಪ್ಪಿದರೆ ಕಂಪನಿ ಉಳಿಯುತ್ತದೆ. ಇನ್ನೊಂದು ವರ್ಷ ತಳ್ಳುವ ಶಕ್ತಿ ಅವಳಿಗಿರಲಿಲ್ಲ. ಕಂಪನಿ ಈಗಿಲ್ಲ; ಅವಳು ಹೊಳೆನರಸೀಪುರದಲ್ಲಿ ಪಾಠ ಹೇಳುತ್ತಾಳೆ. ಸಿಕ್ಕಾಗ ಇಬ್ಬರೂ ಆ ವಿಷಯ ಎತ್ತುವುದಿಲ್ಲ.

ಆ ದಿನ ಕರೆಂಟಿತ್ತು. ಕಾರು ದಾರಿ ತಪ್ಪಲಿಲ್ಲ. ಪ್ಯಾಂಟೂ ಹರಿಯಲಿಲ್ಲ. ಅಟ್ಟ ಹತ್ತಿದ ಹುಡುಗಿ ಮೇಲಿನಿಂದಲೇ ಕೇಳಿದಳು, "ಅಮ್ಮಾ, ಚುಕ್ಕಿ ಇಟ್ಟಿದ್ದ ಕಾಯಿ ಎಲ್ಲಿ?"

"ಕರಿ ಚುಕ್ಕೀವ ನೀರೊಲೆಗೆ ಆಕ್ಬುಟ್ಟೆ ಕಣವ್ವ," ಎಂದರು ಮನೆಯಾಕೆ. "ಕೆಟ್ಟೋಯ್ತವೆ ಅಂತ ನಿನ್ ಮಿಸನ್ನೇ ಏಳ್ತಲ್ಲ, ಮಡೀಕಂಡು ಏನ್ ಮಾಡನ?"

"ಕೆಂಪು ಚುಕ್ಕಿದು?"

"ಮಗಳಿಗೆ ಮಡ್ಲು ತುಂಬುದ್ವಲ್ಲ. ಅರಕಲಗೂಡಿಂದ ಬೀಗ್ರು ಬಂದಿದ್ರು. ಅವ್ರ ಕೈಗೆ ಎಂತೆಂತದೋ ಕೊಬ್ರಿ ಕೊಡಕಾಯ್ತದಾ? ಕೆಂಪು ಚುಕ್ಕೀವ್ನೇ ಆರ್ಸಿ ಸುಲುಸ್ದೆ."

ಬಂಡವಾಳದವರು ನಯವಾಗಿ ನಕ್ಕು, ಮುಂದಿನ ವರ್ಷ ನೋಡೋಣ ಎಂದು ಗಡಿಯಾರ ನೋಡಿಕೊಂಡರು. ನಾವು ಮಾಡಿದ್ದನ್ನು ಆ ಮನೆಯಾಕೆಯಷ್ಟು ನಂಬಿದವರು ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಇವನ್ನು ಮುಟ್ಟಬೇಡಿ ಎಂಬ ಒಂದು ಮಾತು ಮಾತ್ರ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಇಳಿಯುತ್ತಾ ಏಣಿಯ ಮಧ್ಯದಲ್ಲಿ ನಿಂತುಬಿಟ್ಟಿದ್ದ ಹುಡುಗಿಯ ಕೈಗೆ ಆಕೆ ಕಾಫಿ ಲೋಟ ಕೊಟ್ಟರು.

"ಒಂದೂ ಕೆಟ್ಟಿರ್ಲಿಲ್ಲ ಕಣವ್ವ. ಬೀಗ್ರು ಬೋ ಮೆಚ್ಕಂಡ್ರು."